ಕೈಯಳತೆಯ ಬೀರು

ಮರಗೆಲಸದ ಶೆಡ್ಡಿಗೆ ಬಾಗಿಲು ಒಂದೇ, ಶಟರು ಹಾಕಿದ ಕಿರಿದಾದ ಬಾಗಿಲು. ಆ ಬಾಗಿಲಲ್ಲಿ ಅಪ್ಪನ ಸ್ಟೂಲು. ಅಪ್ಪ ಅದರ ಮೇಲೆ ಕೂತನೆಂದರೆ ಅವನ ಎರಡು ಮೊಣಕಾಲುಗಳೂ ಚೌಕಟ್ಟಿನ ಎರಡು ಕಡೆಗೆ ತಾಗುತ್ತಿದ್ದವು. ಒಳಗಿದ್ದವರು ಹೊರಗೆ ಹೋಗಬೇಕಾದರೆ ‘ಅಪ್ಪ, ಕಾಲು’ ಎನ್ನಬೇಕು. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸದೆ, ತಲೆಯೆತ್ತದೆ, ಒಂದು ಮೊಣಕಾಲನ್ನು ಎಷ್ಟು ಬೇಕೋ ಅಷ್ಟೇ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಅಳತೆಯ ಮನುಷ್ಯ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ.

ಆ ಸ್ಟೂಲು ಎರಡು ವರ್ಷದಿಂದ ಖಾಲಿ ಇತ್ತು. ಕಣ್ಣಿನ ನರ ಒಣಗಿಹೋಗಿದೆ, ಇನ್ನು ಯಾವ ಔಷಧಿಗೂ ಚಿಗುರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಮನೆಗೆ ಬಂದು ಮಟಮಟ ಮಧ್ಯಾಹ್ನದಲ್ಲೇ ಮುಸುಕೆಳೆದು ಮಲಗಿದ. ಮಾರನೆಯ ದಿನವೂ ಶೆಡ್ಡಿಗೆ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಬೀದಿಯಲ್ಲಿ ‘ಮೇಸ್ತ್ರಿ’ ಎಂದರೆ ಅವನೊಬ್ಬನೇ. ಅವನ ಮಗಳಿಗೆ ಮೂವತ್ತೇಳು ತುಂಬಿದ್ದರೂ ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿ. ಹಾಗಾಗಿ ಬೀದಿಯ ಬಾಯಲ್ಲೂ ಪುಟ್ಟಿ. ಹೊಸ ಗಿರಾಕಿಗಳು ‘ಪುಟ್ಟಿಯವರೇ’ ಎಂದು ಗೌರವ ಅಂಟಿಸಿ ಕರೆಯುವಾಗ ಅವರಿಗೇ ಮುಜುಗರವಾಗಿ ಕೆಮ್ಮುತ್ತಿದ್ದರು.

ಆ ಎರಡು ವರ್ಷ ಪುಟ್ಟಿ ಶೆಡ್ಡಿನಲ್ಲಿ ಒಬ್ಬಳೇ ಕೆಲಸ ಮಾಡಿದಳು. ಮಗುವಿನ ಓದುವ ಮೇಜು, ಹೊಲಿಗೆಯವಳ ಕತ್ತರಿಸುವ ಮೇಜು, ಡಾಕ್ಟರ ಮನೆಗೆ ಗೋಡೆ ತುಂಬ ಪುಸ್ತಕದ ಕಪಾಟು. ಅಪ್ಪನ ಕಣ್ಣು ಹೋದದ್ದಕ್ಕೆ ಅಡುಗೆಮನೆಯಲ್ಲಿ ನಿಂತು ಅತ್ತವಳೂ ಅವಳೇ, ಬೆಳಗ್ಗೆ ಶಟರು ಎತ್ತಿ ಆ ಖಾಲಿ ಸ್ಟೂಲು ಕಂಡಾಗ ಎದೆ ಹಗುರ ಮಾಡಿಕೊಂಡವಳೂ ಅವಳೇ. ಇವೆರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳುವಂಥ ಮಾತೇ ಅಲ್ಲ ಅದು.

ಹಗುರಾಗುವುದಕ್ಕೆ ಕಾರಣ ಇತ್ತು. ಪುಟ್ಟಿ ಹುಟ್ಟಾ ಎಡಚಿ.

ಒಂಬತ್ತನೇ ವಯಸ್ಸಿನಲ್ಲಿ ಅವಳು ಮೊದಲ ಸಲ ಉಳಿ ಹಿಡಿದಾಗ ಅದರ ತಲೆಗೆ ಹೊಡೆಯುವ ಕೊಡತಿ ತಾನಾಗಿಯೇ ಎಡಗೈಗೆ ಹೋಯಿತು. ಅಪ್ಪ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಅಮ್ಮನ ಹಳೇ ಸೀರೆಯ ಅಂಚು ಹರಿದು ತಂದು, ಮಗಳ ಎಡಗೈಯನ್ನು ಅವಳ ಸೊಂಟಕ್ಕೆ ಸೇರಿಸಿ ಕಟ್ಟಿದ. “ಒಂದೇ ಮೇಜಿನ ಹತ್ರ ಇಬ್ರು ನಿಲ್ಬೇಕು ಪುಟ್ಟಿ. ನೀನು ಎಡಗೈ ಬೀಸಿದ್ರೆ ನನ್ನ ಮೊಣಕೈಗೆ ನಿನ್ನ ಮೊಣಕೈ ಹೊಡೆಯುತ್ತೆ. ಉಳಿ ಜಾರಿದ್ರೆ ಯಾರ ಬೆರಳು ಹೋಗುತ್ತೋ ಗೊತ್ತಿಲ್ಲ,” ಎಂದ. ಮಾತು ಸುಳ್ಳೇನಲ್ಲ. ಶಾಲೆ ಬಿಟ್ಟು ಶೆಡ್ಡಿಗೆ ಬಂದೊಡನೆ ಕಟ್ಟು, ಕತ್ತಲಾದಾಗ ಬಿಚ್ಚು. ಹೀಗೆ ಮೂರು ತಿಂಗಳು. ನಾಲ್ಕನೇ ತಿಂಗಳು ಪಟ್ಟಿ ಬಿಚ್ಚಿ ನೋಡಿದಾಗ ಮಗಳು ಬಲಗೈಯಲ್ಲಿ ಕೊಡತಿ ಬೀಸುತ್ತಿದ್ದಳು. ಅಪ್ಪ ಅಂದಿನಿಂದ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: “ಮರಾನೇ ಬಗ್ಗಿಸಿದೀನಿ, ಮಗಳ ಕೈ ಬಗ್ಗಿಸೋದು ಏನು ಮಹಾ!”

ಕೈ ಬಗ್ಗಿರಲಿಲ್ಲ. ಅಪ್ಪನ ಎದುರಿಗೆ ಬಲಗೈ, ಅಪ್ಪನ ಬೆನ್ನ ಹಿಂದೆ ಎಡಗೈ. ಅವನು ಮರದ ಅಡ್ಡೆಗೆ ಹೋದಾಗ, ಊಟಕ್ಕೆ ಎದ್ದಾಗ, ಗಿರಾಕಿಯ ಜೊತೆ ಬೀದಿಯಲ್ಲಿ ನಿಂತು ಹರಟುವಾಗ ಅವಳ ನಾಜೂಕಿನ ಕೆಲಸವೆಲ್ಲ ಆಗುತ್ತಿತ್ತು. ಗರಗಸ ಯಾವ ಕಡೆಯಿಂದ ಬಂತೆಂದು ಗೀರು ನೋಡಿದರೆ ಅಪ್ಪನಿಗೆ ತಿಳಿಯುತ್ತದೆಂದು ಹಲಗೆಯನ್ನೇ ತಿರುಗಿಸಿಟ್ಟು ಕೊಯ್ಯುವುದನ್ನು ಕಲಿತಳು. “ಬಲಗೈಲಿ ಹಿಡಿ, ಎಡಗೈಲಿ ಒತ್ತು” ಎಂದು ಅಪ್ಪ ಹೇಳಿಕೊಡುವಾಗ ಬಲ ಎಂದರೆ ಎಡ, ಎಡ ಎಂದರೆ ಬಲ ಎಂದು ಒಳಗೇ ಮಗುಚಿ ಹಾಕಿಕೊಳ್ಳುವುದು ಉಸಿರಾಟದಷ್ಟು ಅಭ್ಯಾಸವಾಯಿತು. ಉಸಿರಾಡುತ್ತಿದ್ದೇನೆ ಎಂದು ಯಾರಿಗೆ ನೆನಪಿರುತ್ತದೆ? ಇಪ್ಪತ್ತೆಂಟು ವರ್ಷ ಹೀಗೆ ಕಳೆಯಿತು. ಅದರಲ್ಲಿ ಕೊನೆಯ ಎರಡು ವರ್ಷ ಮಾತ್ರ ಅವಳು ಶಟರು ಪೂರ್ತಿ ಎತ್ತಿ, ನಡುಹಗಲಿನಲ್ಲಿ, ಬೀದಿಗೆ ಮುಖ ಮಾಡಿ, ಎಡಗೈಯಲ್ಲಿ ಮರ ನಯಮಾಡುವ ಹತ್ತರಿ ಹೊಡೆದದ್ದು.

ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಹೇಳಿದ, “ಪುಟ್ಟಿ, ಒಂದು ಗೋಡೆಬೀರು ಮಾಡು.”

“ಯಾರಿಗಪ್ಪ?”

“ನನಗೆ. ನನ್ನ ಕೈಯಳತೆಗೆ. ಒಂದೊಂದು ಸಾಮಾನಿಗೂ ಒಂದೊಂದು ಗೂಡು ಇರ್ಬೇಕು. ಕೈ ಚಾಚಿದ್ರೆ ಸಿಗ್ಬೇಕು, ಹುಡುಕೋ ಹಾಗಿರಬಾರದು. ಮರ ಮುಟ್ಟಿದ್ರೆ ನನಗೆ ಈಗಲೂ ಕಾಣುತ್ತೆ. ಉಳಿ ಎಲ್ಲಿದೆ ಅಂತ ತಡಕಾಡೋದೇ ತಾಪತ್ರಯ. ಅದೊಂದು ಸರಿಹೋದ್ರೆ ಮತ್ತೆ ಕೆಲಸಕ್ಕೆ ಬರ್ತೀನಿ.”

ಪುಟ್ಟಿಯ ಕೈ ತಟ್ಟೆಯ ಮೇಲೆ ನಿಂತಿತು. ಅಪ್ಪನಿಗೆ ಅದು ಕಾಣಲಿಲ್ಲ.

“ಅಟ್ಟದ ಮೇಲೆ ತೇಗದ ಹಲಗೆ ಇದೆಯಲ್ಲ, ಅದನ್ನೇ ತಗೋ. ಮೇಜಿನ ಕೆಲಸ ನಾನು ನೋಡ್ಕೋತೀನಿ. ನೀನು ಮೊದಲಿನ ಹಾಗೆ ಉಜ್ಜೋದು, ಸಾಣೆ ಹಿಡಿಯೋದು, ಅಂಟು ಕಾಯಿಸೋದು ಮಾಡ್ಕೊಂಡಿರು. ಪಾಪ, ಎರಡು ವರ್ಷ ಒಬ್ಬಳೇ ಒದ್ದಾಡಿದೀಯ.”

ಆ ‘ಪಾಪ’! ಬಿಸಿತುಪ್ಪದ ಮಾತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅಷ್ಟರಲ್ಲಿ ಅಮ್ಮ ನೀರಿನ ಲೋಟ ಕುಕ್ಕಿ ಹೇಳಿದಳು, “ಬೇಗ ಮಾಡಿ ಮುಗಿಸೇ ತಾಯಿ. ಕರ್ಕೊಂಡು ಹೋಗು ಇವರನ್ನ. ಎರಡು ವರ್ಷದಿಂದ ನನ್ನ ಅಡುಗೆಮನೇಲಿ ಮೇಸ್ತ್ರಿಕೆ ಮಾಡ್ತಿದಾರೆ. ಸೌಟು ಇಟ್ಟಿದ್ದು ವಾರೆ, ಡಬ್ಬ ಇಟ್ಟಿದ್ದು ಓರೆ! ಕಣ್ಣಿಲ್ಲದವರಿಗೆ ಇಷ್ಟು ಕಾಣೋದು, ಇನ್ನು ಕಣ್ಣಿದ್ದಿದ್ರೆ ನಾನು ಮನೆ ಬಿಟ್ಟು ಹೋಗ್ತಿದ್ದೆ.”

ಅಪ್ಪ ನಕ್ಕ. ಎರಡು ವರ್ಷದಲ್ಲಿ ಅವನು ನಕ್ಕದ್ದನ್ನು ಪುಟ್ಟಿ ಕಂಡದ್ದು ಅದೇ ಮೊದಲು. ನಗುವ ಮುದುಕನಿಗೆ ಇಲ್ಲ ಎನ್ನುವುದು ಹೇಗೆ? ಅವಳು ‘ಹೂಂ’ ಅಂದಳು.

ಮೂರು ಸಂಜೆ ಕೂತು ಅಪ್ಪ ಬೀರಿನ ಒಳಗನ್ನು ಬಾಯಲ್ಲೇ ಕಟ್ಟಿದ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಎರಡು ಬಾಗಿಲು. ಬಾಗಿಲೆಂದರೆ ಬರೀ ಹಲಗೆಯಲ್ಲ, ನಾಲ್ಕು ಇಂಚು ಆಳದ ತಟ್ಟೆಯಂಥವು. ತೆರೆದರೆ ಅವುಗಳ ಒಳಮೈಯಲ್ಲೂ ಸಾಮಾನು ತೂಗಬೇಕು. “ಬಲದ ಬಾಗಿಲಿಗೆ ಗರಗಸ, ಕೊಡತಿ, ಗೀರುಗತ್ತಿ. ಎಡದ ಬಾಗಿಲಿಗೆ ಉಳಿ, ಚಿಕ್ಕದರಿಂದ ದೊಡ್ಡದಕ್ಕೆ. ನಡುವೆ ಕೆಳಗಡೆ ಹತ್ತರಿ ಮೂರು, ಮೇಲೆ ಮೂಲೆಮಟ್ಟ, ಬೈರಿಗೆ, ಅರ.” ಪುಟ್ಟಿ ಅದನ್ನೆಲ್ಲ ಮರಳುಕಾಗದದ ಹಿಂಬದಿಯಲ್ಲಿ ಬರೆದುಕೊಂಡಳು. ಎಲ್ಲ ಸೇರಿ ನಲವತ್ತೊಂದು ಸಾಮಾನು. ಆಮೇಲೆ ಅವನನ್ನು ಗೋಡೆಗೆ ನಿಲ್ಲಿಸಿ ಭುಜದ ಎತ್ತರ, ತೋಳಿನ ಉದ್ದ ದಾರ ಹಿಡಿದು ಅಳೆದಳು. ಭುಜ ಅವಳ ಭುಜದಷ್ಟೇ ಎತ್ತರಕ್ಕಿತ್ತು. ತೋಳೂ ಅಷ್ಟೇ. ಅಳತೆ ಬರೆದುಕೊಳ್ಳುವ ಅಗತ್ಯವೇ ಇರಲಿಲ್ಲ.

“ನಾನು ನಡುವೆ ಬಂದು ನೋಡಲ್ಲ,” ಎಂದ ಅಪ್ಪ. “ಗಿರಾಕಿ ಥರ ಬಂದು ಕೈಕಟ್ಟಿ ನಿಲ್ಲೋನಲ್ಲ ನಾನು. ಬಂದ್ರೆ ಕೆಲಸಕ್ಕೇ ಬರೋದು.”

ತೇಗದ ಹಲಗೆಗಳು ಇಪ್ಪತ್ತು ವರ್ಷದಿಂದ ಅಟ್ಟದಲ್ಲಿದ್ದವು. ಇದಕ್ಕೆ ತಕ್ಕ ಕೆಲಸ ಬರಲಿ ಎಂದು ಅಪ್ಪ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಧೂಳು ಒರೆಸಿ ಮೊದಲ ಹತ್ತರಿ ಹೊಡೆದಾಗ ಒಳಗಿನ ಜೇನುಬಣ್ಣ ಎದ್ದು ಬಂತು. ಸುರುಳಿ ಕಾಗದದಷ್ಟು ತೆಳ್ಳಗೆ ಬಿಚ್ಚಿಕೊಂಡು ಎಡಗೈ ಮಣಿಕಟ್ಟಿನ ಮೇಲೆ ಬಿತ್ತು. ಇಷ್ಟು ಒಳ್ಳೆಯ ಮರದಲ್ಲಿ ಅವಳು ಎಂದೂ ಕೆಲಸ ಮಾಡಿರಲಿಲ್ಲ. ಆ ಸಂತೋಷ ಒಂದು ಕಡೆ. ಹಲಗೆ ನುಣುಪಾದಷ್ಟೂ ಅಪ್ಪ ಹತ್ತಿರ ಬರುತ್ತಿದ್ದಾನೆ ಎಂಬುದು ಇನ್ನೊಂದು ಕಡೆ.

ಅಪ್ಪನ ಪದ್ಧತಿಯಲ್ಲಿ ಬೀರಿಗೂ ಬಾಗಿಲಿಗೂ ಬೇರೆ ಬೇರೆ ಚೌಕಟ್ಟು ಮಾಡುವುದಿಲ್ಲ. ಮೊದಲು ಆರೂ ಕಡೆ ಮುಚ್ಚಿದ ಒಂದೇ ಪೆಟ್ಟಿಗೆ ಮಾಡಬೇಕು. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಸಿ ಅಂಟು ಹಾಕಿ ಒಣಗಿಸಬೇಕು. ಆಮೇಲೆ ಸುತ್ತಲೂ ಗರಗಸ ಹಾಯಿಸಿ ಮುಂಭಾಗವನ್ನು ಸೀಳಿ ತೆಗೆದು ನಡುವೆ ಎರಡಾಗಿ ಕೊಯ್ದರೆ ಅವೇ ಎರಡು ಬಾಗಿಲು. ಒಂದೇ ಪೆಟ್ಟಿಗೆಯ ತುಂಡುಗಳಾದ್ದರಿಂದ ಮುಚ್ಚಿದಾಗ ಕೂದಲೆಳೆಯಷ್ಟೂ ಸಂದು ಉಳಿಯುವುದಿಲ್ಲ. ಗರಗಸ ಹಾಯುವ ಜಾಗದಲ್ಲಿ ಒಂದು ಹಲ್ಲನ್ನು ಮಾತ್ರ ಅಗಲವಾಗಿ ಬಿಟ್ಟುಕೊಳ್ಳಬೇಕು. ಅದನ್ನು ಮರೆತರೆ ಪೆಟ್ಟಿಗೆ ಕೆಟ್ಟಿತು. ಪುಟ್ಟಿ ಮರೆಯಲಿಲ್ಲ.

ಅಂಟು ಹಾಕಿ ಕ್ಲಾಂಪು ಬಿಗಿದ ದಿನ ಆ ಪೆಟ್ಟಿಗೆ ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಕಿಂಡಿ ಇಲ್ಲ, ಕೀಲು ಇಲ್ಲ, ಒಳಗೆ ಏನೂ ಇಲ್ಲ. ಅವಳು ಬಗ್ಗಿ ಅದಕ್ಕೆ ಕಿವಿಯಿಟ್ಟಳು. ಯಾಕೆ ಇಟ್ಟಳೋ ಅವಳಿಗೇ ಗೊತ್ತಿಲ್ಲ. ಒಳಗೆ ಮರ ಒಮ್ಮೆ ಟಕ್ ಎಂದಿತು. ಅಂಟು ಒಣಗುವಾಗ ಮರ ಹಾಗೆ ಅನ್ನುತ್ತದೆ. ಅವಳಿಗೆ ಮಾತ್ರ ಒಳಗೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗಾಗಿ, ಮುಖ ತೊಳೆದುಕೊಂಡು ಬಂದಳು.

ಪೆಟ್ಟಿಗೆ ಸೀಳಿದ್ದಾಯಿತು, ಬಿಜಾಗರಿ ಕೂತದ್ದಾಯಿತು, ಗೂಡುಗಳ ಕೆಲಸ ಶುರುವಾಯಿತು. ಒಂದೊಂದು ಉಳಿಯ ಕುತ್ತಿಗೆಗೂ ಒಂದೊಂದು ಸೀಳು. ಗರಗಸದ ಹಿಡಿಯೊಳಗೆ ಸರಿಯಾಗಿ ಹೋಗಿ ಕೂರುವ ಮರದ ದಿಮ್ಮಿ, ಅದರ ಮೇಲೆ ತಿರುಗುವ ಪುಟ್ಟ ಚಿಲಕ. ಹತ್ತರಿಗೆ ಓರೆಯಾದ ಮಣೆ. ದಿನಕ್ಕೆ ಮೂರು ಗೂಡು ಮುಗಿದರೆ ಹೆಚ್ಚು. ಬೆಳಗ್ಗೆ ಬಂದು ಮರಳುಕಾಗದದ ಪಟ್ಟಿ ಓದುವಳು, ಹಿಡಿ ಯಾವ ದಿಕ್ಕಿಗೆ, ಎಷ್ಟು ಓರೆ ಎಂದು ಕೈಯಾಡಿಸಿ ನೋಡುವಳು, ಕೊರೆಯುವಳು. ಬುದ್ಧಿಗಿಂತ ಮುಂಚೆ ಕೈ ಹೋಗುತ್ತಿತ್ತು.

ಮುಕ್ಕಾಲು ಇಂಚಿನ ಉಳಿಯ ಗೂಡಿನ ಹತ್ತಿರ ಒಂದು ಮಧ್ಯಾಹ್ನ ಅವಳ ಕೈ ನಿಂತಿತು. ಈ ಸೀಳನ್ನು ಒಂದೇ ಒಂದು ನೂಲು ದೊಡ್ಡದು ಮಾಡಿದರೆ? ಬಾಗಿಲು ತೆರೆದ ರಭಸಕ್ಕೆ ಉಳಿ ಜಾರಿ ಬೀಳುತ್ತದೆ. ಕಾಲ ಬುಡದಲ್ಲಿ ಬೀಳುತ್ತದೆ ಅಷ್ಟೇ, ಯಾರಿಗೂ ತಾಗುವುದಿಲ್ಲ. ಎರಡು ಸಲ ಹಾಗಾದರೆ ಅಪ್ಪ ತಾನಾಗಿಯೇ ಬೇಡ ಎಂದು ಮನೆಗೆ ಹೋಗುತ್ತಾನೆ. ಯಾರೂ ಯಾರನ್ನೂ ಕಳಿಸಿದ ಹಾಗಾಗುವುದಿಲ್ಲ.

ಅವಳು ಸೀಳನ್ನು ದೊಡ್ಡದು ಮಾಡಿಯೇ ಬಿಟ್ಟಳು. ಉಳಿ ಹಾಕಿ ನೋಡಿದಳು. ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ತೇಗದ ಚೂರೊಂದನ್ನು ಹೆರೆದು ಸೀಳಿಗೆ ಬೆಣೆ ಹೊಡೆದು, ಒಣಗಲು ಬಿಟ್ಟು, ಮಾರನೆಯ ದಿನ ಹೊಸದಾಗಿ ಸೀಳಿದಳು. ಈ ಸಲ ಉಳಿ ಚಪ್ ಎಂದು ಕೂತಿತು. ಕೆಟ್ಟ ಕೆಲಸ ಮಾಡಲು ಮನಸ್ಸು ಒಪ್ಪಿದರೂ ಕೈ ಒಪ್ಪಲಿಲ್ಲ. ಬೆಣೆಯ ಕಲೆ ಹತ್ತಿರದಿಂದ ನೋಡಿದರೆ ಕಾಣುತ್ತಿತ್ತು. ನೋಡುವವರು ಯಾರು?

ಗೂಡುಗಳೆಲ್ಲ ಮುಗಿದ ವಾರ ಪಾಲಿಶ್ ಚಿಕ್ಕಪ್ಪ ಬಂದ. ನೆಂಟನೇನಲ್ಲ. ನಲವತ್ತು ವರ್ಷದಿಂದ ಶೆಡ್ಡಿನ ಸಾಮಾನಿಗೆ ಪಾಲಿಶ್ ಹಾಕುತ್ತ ಹಾಕುತ್ತ ಚಿಕ್ಕಪ್ಪನಾದವನು. ಪುಟ್ಟಿಯ ಎಡಗೈ ಗುಟ್ಟು ಮೊದಲಿನಿಂದ ಗೊತ್ತಿದ್ದದ್ದು ಅವನೊಬ್ಬನಿಗೇ. ಬೀರಿನ ಬಾಗಿಲು ತೆರೆದು ಒಳಗೆ ಒಮ್ಮೆ, ಪುಟ್ಟಿಯ ಮುಖ ಒಮ್ಮೆ ನೋಡಿ ಹುಬ್ಬೇರಿಸಿದ.

“ಅಂತೂ ಧೈರ್ಯ ಮಾಡ್ಬಿಟ್ಯಲ್ಲೇ ಮಗಳೇ!”

ಅಟ್ಟದ ತೇಗ ಕೊಯ್ದದ್ದಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಳು. “ಧೈರ್ಯ ಏನು ಬಂತು ಚಿಕ್ಕಪ್ಪ, ಅಪ್ಪನೇ ಹೇಳಿದ್ದು.”

“ಮೇಸ್ತ್ರಿ? ಅವರೇ ಹೇಳಿದ್ರಾ?”

“ಮತ್ತೆ? ಅವನು ಹೇಳ್ದೆ ನಾನು ಮುಟ್ತೀನಾ?”

ಚಿಕ್ಕಪ್ಪ ತಲೆ ಕೊಡವಿಕೊಂಡ. “ಕಾಲ ಕೆಟ್ಟೋಯ್ತು ಅಂತಾರಪ್ಪ ಜನ. ಎಲ್ಲಿ ಕೆಟ್ಟಿದೆ? ಚೆನ್ನಾಗೇ ಇದೆಯಲ್ಲ!” ಎಂದು ಬಟ್ಟೆ ಮುದ್ದೆ ಮಾಡಿ ಎಣ್ಣೆಯಲ್ಲಿ ಅದ್ದಿದ. ಇಡೀ ದಿನ ಸಿಳ್ಳೆ ಹಾಕುತ್ತ ಉಜ್ಜಿದ. ಹೋಗುವಾಗ ಅವಳ ತಲೆಯ ಮೇಲೆ ಕೈಯಿಟ್ಟ. ಎಣ್ಣೆಗೈ. ಆ ವಾಸನೆ ಎರಡು ದಿನ ಕೂದಲಲ್ಲಿತ್ತು.

ಇಬ್ಬರೂ ಸೇರಿ ಬೀರನ್ನು ಅಂದೇ ಗೋಡೆಗೆ ಏರಿಸಿದ್ದರು. ಭಾನುವಾರ ಪುಟ್ಟಿ ಶಟರು ಅರ್ಧ ಎಳೆದುಕೊಂಡು ಅದನ್ನು ಪರೀಕ್ಷೆ ಮಾಡಿದಳು. ಹಳೇ ಟವೆಲ್ಲೊಂದನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಬೀರಿನ ಎದುರು ನಿಂತು, ಒಂದೊಂದೇ ಹೆಸರು ಬಾಯಲ್ಲಿ ಹೇಳುತ್ತ ಕೈ ಚಾಚಿದಳು. ಕೊಡತಿ. ಸಿಕ್ಕಿತು. ಕಾಲಿಂಚಿನ ಉಳಿ. ಸಿಕ್ಕಿತು. ಸಣ್ಣ ಹಲ್ಲಿನ ಗರಗಸ. ಹಿಡಿ ತಾನಾಗಿಯೇ ಬಂದು ಅಂಗೈಯಲ್ಲಿ ಕೂತಿತು. ನಲವತ್ತೊಂದಕ್ಕೆ ನಲವತ್ತೊಂದು. ಕತ್ತಲಲ್ಲಿ ತನ್ನದೇ ಮನೆಯಲ್ಲಿ ಓಡಾಡಿದ ಹಾಗಿತ್ತು. ಎಲ್ಲೂ ಎಡವಲಿಲ್ಲ, ಎಲ್ಲೂ ತಡಕಲಿಲ್ಲ. ಜೀವಮಾನದಲ್ಲಿ ಇಂಥ ಕೆಲಸ ಮಾಡಿರಲಿಲ್ಲ ಅವಳು. ಟವೆಲ್ಲು ಬಿಚ್ಚಿದಾಗ ಅದು ಒದ್ದೆಯಾಗಿತ್ತು.

ತನ್ನ ಜಾಗವನ್ನು ತಾನೇ ಇಷ್ಟು ಚೆನ್ನಾಗಿ ಮುಚ್ಚಿ ಮೊಳೆ ಹೊಡೆದಂತಾಯಿತು. ನಾಳೆಯಿಂದ ಮತ್ತೆ ಮರಳುಕಾಗದ, ಮತ್ತೆ ಬಲಗೈ. ಅಪ್ಪನಿಗೆ ಕಾಣುವುದಿಲ್ಲ, ನಿಜ. ಆದರೆ ಒಂದೇ ಮೇಜಿನಲ್ಲಿ ಮೊಣಕೈ ತಗುಲಿದರೆ ಸಾಕಲ್ಲ.

ಸೋಮವಾರ ಬೆಳಗ್ಗೆ ಎಂಟಕ್ಕೆ ಅಪ್ಪ ಬಂದ. ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಬಂದವನು ಬಾಗಿಲಲ್ಲಿ ಕೈ ಬಿಟ್ಟ. ಇಲ್ಲಿಂದ ಮುಂದೆ ಯಾರ ಕೈಯೂ ಬೇಡ ಎಂಬ ಹಾಗೆ. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲ್ಲು. ಕಾಣದ ಗೀರು ಹೇಗೆ ಹಾಕುತ್ತಾನೋ! ಸ್ಟೂಲನ್ನು ಕಾಲಿನಿಂದ ತಡವಿ, ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಮುಂದೆ ಹೋದ. ಬೀರಿನ ಎದುರು ನಿಂತು ಮೂಗರಳಿಸಿದ.

“ತೇಗ,” ಅಂದ. “ಇಪ್ಪತ್ತು ವರ್ಷ ಒಣಗಿದ್ದು. ವಾಸನೆ ನೋಡು.” ಬಾಗಿಲು ಮುಚ್ಚಿದ ಸಂದಿನಲ್ಲಿ ಉಗುರು ಆಡಿಸಿದ. ಉಗುರು ಎಲ್ಲೂ ಸಿಕ್ಕಲಿಲ್ಲ. “ಭೇಷ್. ಅಗಲದ ಹಲ್ಲು ಬಿಟ್ಟಿದ್ದೀಯ.” ಎರಡೂ ಬಾಗಿಲು ತೆರೆದು, ಮದುವೆ ಗಂಡಿನ ಹಾಗೆ ಭುಜ ಸರಿಮಾಡಿಕೊಂಡು, “ಕೊಡತಿ” ಎಂದು ತನಗೆ ತಾನೇ ಹೇಳಿಕೊಂಡು ಬಲಗೈ ಚಾಚಿದ.

ಕೈಗೆ ಬಂದದ್ದು ಉಳಿಯ ಹಿಡಿ.

ಅವನು ಕೈ ಹಿಂದಕ್ಕೆ ತೆಗೆದ. ಇನ್ನೊಮ್ಮೆ ಚಾಚಿದ. ಇನ್ನೊಂದು ಉಳಿ. ಎಡಗೈ ಚಾಚಿದ. ಗರಗಸದ ಹಲ್ಲು ಬೆರಳ ತುದಿಗೆ ತಾಗಿತು. ಆಮೇಲೆ ಅವನು ಅವಸರ ಮಾಡಲಿಲ್ಲ. ಒಂದು ಕಡೆಯಿಂದ ಶುರುಮಾಡಿ ಒಂದೊಂದೇ ಗೂಡನ್ನು ಮುಟ್ಟುತ್ತ ಹೋದ. ಹಿಡಿಗಳ ಓರೆ ಮುಟ್ಟಿದ, ಚಿಲಕಗಳು ತಿರುಗುವ ದಿಕ್ಕು ಮುಟ್ಟಿದ, ಹತ್ತರಿಯ ಮಣೆ ವಾಲಿದ ಕಡೆ ಮುಟ್ಟಿದ. ಮುಕ್ಕಾಲಿಂಚಿನ ಉಳಿಯ ಗೂಡಿನಲ್ಲಿ ಅವನ ಹೆಬ್ಬೆರಳು ಬೆಣೆಯ ಕಲೆಯ ಮೇಲೆ ಒಂದು ಗಳಿಗೆ ನಿಂತು, ಮುಂದೆ ಹೋಯಿತು.

ಪುಟ್ಟಿಗೆ ಅರ್ಥವಾದದ್ದು ಆಗ. ಪಟ್ಟಿ ಗೋಡೆಯ ಮೇಲೆ ಅವಳದೇ ಅಕ್ಷರದಲ್ಲಿ ನೇತಾಡುತ್ತಿತ್ತು. ಬಲ: ಗರಗಸ, ಕೊಡತಿ. ಎಡ: ಉಳಿ. ದಿನಾ ಬೆಳಗ್ಗೆ ಓದಿದ್ದಳು. ಓದಿ ಓದಿ, ಅಪ್ಪನ ಎಲ್ಲ ಮಾತನ್ನೂ ಮಗುಚುವ ಹಾಗೆ ಅದನ್ನೂ ಮಗುಚಿ, ಎಡಕ್ಕೆ ಗರಗಸ, ಬಲಕ್ಕೆ ಉಳಿ ಕೂರಿಸಿದ್ದಳು. ಕಣ್ಣು ಕಟ್ಟಿಕೊಂಡು ಪರೀಕ್ಷೆ ಮಾಡಿದ್ದೂ ಅದೇ ಕೈಯಲ್ಲಿ. ಚಿಕ್ಕಪ್ಪ ಯಾವ ಧೈರ್ಯದ ಮಾತಾಡಿದನೆಂದು ಈಗ ಹೊಳೆದು ಅವಳ ಕಿವಿ ಬಿಸಿಯಾಯಿತು.

ಅಪ್ಪನ ಬೆರಳು ಕೊನೆಯ ಗೂಡಿನಲ್ಲಿ ನಿಂತಿತ್ತು. ಬೀದಿಯಲ್ಲಿ ಸೈಕಲ್ಲೊಂದು ಬೆಲ್ಲು ಬಾರಿಸಿ ಹೋಯಿತು. ಅವಳ ಬಾಯಿ ತಾನೇ ತೆರೆದುಕೊಂಡಿತು, “ತಪ್ಪಾಯ್ತು ಅಪ್ಪ. ಬಿಚ್ಚಿ ಬದಲಾಯಿಸ್ತೀನಿ. ಹದಿನೈದು ದಿನ ಕೊಡು.”

ಹೇಳಿದ ಮೇಲೆ ಆ ಹದಿನೈದು ದಿನ ಕಣ್ಣಮುಂದೆ ಬಂತು. ಒಂದೊಂದು ಗೂಡನ್ನೂ ಕಿತ್ತು ಆಚೆ ಕಡೆಗೆ ಕೂರಿಸುವುದು.

“ಬೇಕಂತಲೇ ಮಾಡಿದ್ಯಾ?” ಅಪ್ಪ ಕೇಳಿದ.

“ಇಲ್ಲಪ್ಪ.”

“ಕಣ್ಣು ಮುಚ್ಕೊಂಡು ಪರೀಕ್ಷೆ ಮಾಡಿದ್ಯಾ?”

“ಮಾಡ್ದೆ.”

“ಎಲ್ಲಾ ಸಿಕ್ತಾ?”

“ಸಿಕ್ತು.”

“ಒಂದೂ ತಪ್ಪಲಿಲ್ವಾ?”

“ಒಂದೂ ಇಲ್ಲ.”

ಅಪ್ಪ ತಲೆಯಾಡಿಸಿದ. “ಹಾಗಾದ್ರೆ ಬೀರಿನಲ್ಲಿ ತಪ್ಪಿಲ್ಲ.”

ಬಾಗಿಲಿನ ಅಂಚಿಗೆ ಹಣೆ ತಾಗಿಸಿ ನಿಂತುಕೊಂಡ. ಅವನ ಬೆನ್ನು ಈ ಎರಡು ವರ್ಷದಲ್ಲಿ ಎಷ್ಟು ಕಿರಿದಾಗಿದೆ ಎಂದು ಅವಳಿಗೆ ಈಗ ಕಂಡಿತು.

“ಆ ಸೀರೆ ಪಟ್ಟಿ ಬಿಚ್ಚಿದೆನಲ್ಲ, ನೀನು ಚಿಕ್ಕೋಳಿದ್ದಾಗ. ಎಷ್ಟು ದಿನಕ್ಕೆ ಮತ್ತೆ ಎಡಗೈಗೆ ಹೋದೆ?”

ಸುಳ್ಳು ಹೇಳಬಹುದಿತ್ತು. ಈಗೀಗ ಎನ್ನಬಹುದಿತ್ತು, ನಿನ್ನ ಕಣ್ಣು ಹೋದ ಮೇಲೆ ಎನ್ನಬಹುದಿತ್ತು.

“ಮಾರನೇ ದಿನಾನೇ.”

ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ನರಳುವಿಕೆಯೋ ತಿಳಿಯಲಿಲ್ಲ. “ಮಾರನೇ ದಿನ! ಊರಿಗೆಲ್ಲ ಹೇ‍ಳ್ಕೊಂಡು ಬಂದೆನಲ್ಲೇ ನಾನು. ಕಣ್ಣಿದ್ದಾಗಲೇ ಕುರುಡನಾಗಿದ್ದೆ ಅನ್ನು.” ಆಮೇಲೆ, “ಆ ಡಾಕ್ಟರ ಮನೆ ಕಪಾಟು? ಅದರ ಸುದ್ದಿ ಬೀದಿಯೆಲ್ಲ ಹೇಳ್ತಿದ್ರು. ಅದೂ ಎಡಗೈನಾ?”

“ಹೂಂ.”

“ಅದಕ್ಕಿಂತ ಮುಂಚಿಂದು? ನಾನು ನನ್ನ ಪಾಠ, ನನ್ನ ಪಾಠ ಅಂತ ಹೊಗಳಿಕೊಂಡಿದ್ದು?”

“ಅವೂ ಎಡಗೈನಲ್ಲೇ.”

ಅಪ್ಪ ಗೋಡೆಯ ಮೇಲೆ ಕೈಯಾಡಿಸುತ್ತ ಹೋಗಿ ಮೊಳೆಗೆ ನೇತುಹಾಕಿದ್ದ ಟವೆಲ್ಲು ಎಳೆದುಕೊಂಡ. ಅವಳು ಕಣ್ಣಿಗೆ ಕಟ್ಟಿಕೊಂಡದ್ದೇ ಅದು. ಅವಳತ್ತ ಚಾಚಿ, ಬಲಗೈಯನ್ನು ಸೊಂಟಕ್ಕೆ ಒತ್ತಿ ನಿಂತ.

“ಕಟ್ಟು.”

“ಏನು?”

“ಕಟ್ಟೇ. ಬೀರು ಬದಲಾಯಿಸೋದು ಬೇಡ, ಕೈ ಬದಲಾಯಿಸ್ತೀನಿ. ನಿನಗೆ ಮೂರು ತಿಂಗಳು ಕಟ್ಟಿದ್ದೆ. ನನಗೂ ಮೂರು ತಿಂಗಳು ಕಟ್ಟು.”

ಅಪ್ಪ ಹಾಸ್ಯ ಮಾಡುತ್ತಿರಲಿಲ್ಲ. ಮೊಣಕೈಯನ್ನು ಪಕ್ಕೆಗೆ ಹಿಡಿದು, ಮಕ್ಕಳು ಬಟ್ಟೆ ತೊಡಿಸಿಕೊಳ್ಳಲು ನಿಲ್ಲುವ ಹಾಗೆ ನಿಂತಿದ್ದ. ಟವೆಲ್ಲು ಅವಳ ಕೈಗೆ ಬಂದಿತ್ತು. ಒಂದು ಗಂಟು ಹಾಕಿದರೆ ಸಾಕು, ಇಪ್ಪತ್ತೆಂಟು ವರ್ಷದ ಲೆಕ್ಕ ಚುಕ್ತಾ. ಆಮೇಲೆ ದಿನಾ ಬೆಳಗ್ಗೆ ಅವಳು ಕಟ್ಟಬೇಕು, ದಿನಾ ಸಂಜೆ ಬಿಚ್ಚಬೇಕು. ನಡುವೆ ಅವನು ಈ ಬೀರಿನ ಎದುರು ನಿಂತು ತಡಕಾಡಬೇಕು, ಅವಳು ನೋಡುತ್ತ ನಿಲ್ಲಬೇಕು. ಕಟ್ಟಿಸಿಕೊಂಡವನಷ್ಟೇ ಕಟ್ಟಿದವಳೂ ಸಿಕ್ಕಿಹಾಕಿಕೊಳ್ಳುವ ಗಂಟು ಅದು. ಒಂಬತ್ತರ ವಯಸ್ಸಿನಲ್ಲಿ ಅವಳಿಗೆ ಇದು ತಿಳಿದಿರಲಿಲ್ಲ. ಅಪ್ಪನಿಗೆ ಆಗ ತಿಳಿದಿತ್ತೋ ಏನೋ.

“ಕಟ್ಟಲ್ಲ,” ಎಂದಳು.

“ಯಾಕೆ?”

“ಕಟ್ಟಿದ್ರೆ ಕೈ ಬದಲಾಗಲ್ಲ ಅಪ್ಪ. ಮುಚ್ಚಿಟ್ಟುಕೊಳ್ಳೋದು ಕಲಿಯುತ್ತೆ, ಅಷ್ಟೇ.”

ಅಪ್ಪನ ಕೈ ಮೆಲ್ಲಗೆ ಪಕ್ಕೆಯಿಂದ ಜಾರಿತು. ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟ. ಇಟ್ಟ ಪೆನ್ಸಿಲ್ಲು ಉರುಳಿತು. ಬೀಳುವ ಮುಂಚೆ ಪುಟ್ಟಿ ಹಿಡಿದಳು, ಎಡಗೈಯಲ್ಲಿ.

“ಬೀರು ಹೀಗೇ ಇರುತ್ತೆ,” ಎಂದಳು. “ನಾನು ಬದಲಾಯಿಸಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ? ಅದನ್ನಾದ್ರೂ ಹೇಳು.”

ಶೆಡ್ಡಿನಲ್ಲಿ ಅಪ್ಪ ಈ ಪ್ರಶ್ನೆ ಯಾರನ್ನೂ ಕೇಳಿದವನಲ್ಲ. ಮನೆಗೆ ಹೋಗು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಡುಗೆಮನೆಯ ಡಬ್ಬಗಳು, ಮುಸುಕು, ಅಮ್ಮನ ಲೋಟ ಎಲ್ಲ ಅದರ ಹಿಂದೆಯೇ ಬಂದವು. ಅವಳು ಮಾತು ನುಂಗಿದಳು.

“ಆರು ಉಳಿ ಮೊಂಡಾಗಿವೆ. ಸಾಣೆ ಹಿಡಿಬೇಕು.”

ಸಾಣೆ ಹಿಡಿಯುವುದು ಕೈಯಾಳಿನ ಕೆಲಸ. ಇಷ್ಟು ವರ್ಷ ಅವಳ ಕೆಲಸ. ಬೈಗುಳ ಬರುತ್ತದೆಂದು ಕಾದಳು.

“ಎಲ್ಲಿವೆ?”

“ಬಲಗಡೆ.”

“ಯಾರ ಬಲಗಡೆ?”

“ನಿನ್ನದೇ. ನಿಜವಾದ ಬಲ.”

ಅಪ್ಪ ಬಲಗೈ ಚಾಚಿದ. ಈ ಸಲ ಉಳಿ ಇದ್ದಲ್ಲೇ ಸಿಕ್ಕಿತು. ಒಂದೊಂದಾಗಿ ಆರನ್ನೂ ತೆಗೆದು ಹೆಬ್ಬೆರಳಲ್ಲಿ ಬಾಯಿ ನೋಡಿದ. “ಎರಡು ವರ್ಷ ಇದರಲ್ಲಾ ಕೆಲಸ ಮಾಡಿದ್ದು? ಕೈ ಒಳ್ಳೇದು, ಸೋಮಾರಿತನ ಮಾತ್ರ ನಿಮ್ಮಮ್ಮಂದು,” ಎಂದು ಗೊಣಗಿದ.

“ಕಿಟಕಿ ಹತ್ರ ಕೂತ್ಕೋ ಅಪ್ಪ. ಅಲ್ಲಿ ಗಾಳಿ ಬರುತ್ತೆ.”

ಕೇಳಿಸಿದರೂ ಕೇಳಿಸದ ಹಾಗೆ ಅವನು ಸಾಣೆಕಲ್ಲು ಕಂಕುಳಲ್ಲಿ ಇಟ್ಟುಕೊಂಡು, ನೀರಿನ ಡಬ್ಬಿ ತೆಗೆದುಕೊಂಡು, ನೇರವಾಗಿ ಬಾಗಿಲಿಗೆ ಹೋದ. ಸ್ಟೂಲಿನ ಮೇಲೆ ಕೂತ. ಎರಡು ಮೊಣಕಾಲುಗಳೂ ಚೌಕಟ್ಟಿನ ಎರಡು ಕಡೆಗೆ ತಾಗಿದವು. ಶೆಡ್ಡಿನ ಬೆಳಕು ಅರ್ಧಕ್ಕರ್ಧ ಕಡಿಮೆಯಾಯಿತು.

ಪುಟ್ಟಿ ಬೀರಿನಿಂದ ಹತ್ತರಿ ತೆಗೆದಳು. ಮೇಜಿನ ಮೇಲೆ ಹೊಸ ಗಿರಾಕಿಯೊಬ್ಬರ ಕಪಾಟಿನ ಹಲಗೆ ಇತ್ತು. ಎಡಗೈ ಹಿಂದಿಟ್ಟು, ಬಲಗೈ ಮುಂದಿಟ್ಟು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅಪ್ಪ ಇರುವಾಗ ಹಾಗೆ ಹೊಡೆದಳು. ಉದ್ದನೆಯ ಒಂದು ಸುಂಯ್. ಬಾಗಿಲಲ್ಲಿ ಸಾಣೆಕಲ್ಲಿನ ಸದ್ದು ನಿಂತಿತು. ಅವನು ಕತ್ತು ವಾರೆ ಮಾಡಿ ಕೇಳುತ್ತಿದ್ದ.

“ಈ ಸದ್ದು ನನಗೆ ಗೊತ್ತು,” ಎಂದ ಬೀದಿಯ ಕಡೆಗೇ ಮುಖ ಮಾಡಿಕೊಂಡು. “ಮರದ ಅಡ್ಡೆಯಿಂದ ವಾಪಸ್ ಬರುವಾಗ ತಿರುವಿನ ತನಕ ಕೇಳಿಸ್ತಿತ್ತು. ಹತ್ತಿರ ಬರ್ತಾ ಬರ್ತಾ ಬೇರೆ ಥರ ಆಗೋದು. ನನ್ನ ಕಿವೀನೇ ಸರಿಯಿಲ್ಲ ಅಂದ್ಕೊಂಡಿದ್ದೆ.”

ಮತ್ತೆ ಕಲ್ಲಿನ ಮೇಲೆ ಉಳಿ ಆಡತೊಡಗಿತು. ಸ್ವಲ್ಪ ಹೊತ್ತಿಗೆ ಅವಳಿಗೆ ಇನ್ನೊಂದು ಹಲಗೆ ಬೇಕಾಯಿತು. ಅದು ಹೊರಗೆ, ಬೀದಿಗೋಡೆಗೆ ಒರಗಿತ್ತು. ಅವಳು ಬಾಗಿಲ ತನಕ ಬಂದು ನಿಂತಳು. ಅಪ್ಪನ ಬೆನ್ನು, ಅಪ್ಪನ ಮೊಣಕಾಲು, ಅದರಾಚೆ ಬಿಸಿಲು. ನಾಳೆ ಎಂಟಕ್ಕೂ ಇದು ಹೀಗೇ ಇರುತ್ತದೆ, ನಾಳಿದ್ದೂ.

“ಅಪ್ಪ, ಕಾಲು.”

ಅಪ್ಪ ಕೆಲಸ ನಿಲ್ಲಿಸದೆ ಒಂದು ಮೊಣಕಾಲನ್ನು ಒಳಕ್ಕೆ ಎಳೆದುಕೊಂಡ, ಎಷ್ಟು ಬೇಕೋ ಅಷ್ಟೇ. ಅವಳು ಉಸಿರು ಬಿಗಿಹಿಡಿದು ಅಡ್ಡವಾಗಿ ದಾಟಿದಳು.